ಮೊದಲು ಕಿವಿ, ಆಮೇಲೆ ಕಣ್ಣು

ಅವರ ಬಲಗೈ ಹೆಬ್ಬೆರಳಿನ ತುದಿ ಹುಣಸೆಬೀಜದಷ್ಟು ನುಣುಪಾಗಿತ್ತು. ಎಲ್ಲರ ಬೆರಳಿನಲ್ಲೂ ಇರುವ ಸುರುಳಿ ಗೆರೆ ಅದರಲ್ಲಿರಲಿಲ್ಲ. ಪ್ರೊಜೆಕ್ಟರಿನ ಬಿಸಿ ದೀಪದ ಗೂಡನ್ನು ವರ್ಷಗಟ್ಟಲೆ ಮುಟ್ಟಿ ಮುಟ್ಟಿ ಚರ್ಮ ಬೆಂದು, ಬಲಿತು, ಹಾಗಾಗಿತ್ತು. "ನಾನು ಹೆಬ್ಬೆಟ್ಟು ಒತ್ತಿದ್ರೆ ಯಾವ ಪೊಲೀಸೂ ಕಂಡುಹಿಡಿಯೋಕಾಗಲ್ಲ ಟೀಚರಮ್ಮ, ಕಳ್ಳತನಕ್ಕೆ ಹೇಳಿ ಮಾಡಿಸಿದ ಬೆರಳು" ಎಂದು ಅದನ್ನು ಎತ್ತಿ ತೋರಿಸಿ ನಗುತ್ತಿದ್ದರು. ಆ ಬೆರಳು ಒಂದೇ ಒಂದು ಸಲ ಮಾಡಿದ ಕೆಲಸವನ್ನು ನಾನು ಇಂದಿಗೂ ಮರೆತಿಲ್ಲ. ಮಾಡಿಸಿದವಳು ನಾನೇ ಆದ್ದರಿಂದ ಮರೆಯುವುದು ನ್ಯಾಯವೂ ಅಲ್ಲ.

ಅವರು ಸರ್ಕಾರದ ಸಿನಿಮಾ ವ್ಯಾನಿನ ಆಪರೇಟರ್. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದರೂ ನಮ್ಮ ಹಿರಿಯರಿಗೆ ಅದಿನ್ನೂ ಒಗ್ಗಿರಲಿಲ್ಲ. ಸರ್ಕಾರದ ಯಾವ ಗಾಡಿ ಬಂದರೂ "ಮೈಸೂರಿನವು ಬಂದೊ" ಎನ್ನುತ್ತಿದ್ದರು. ಆಪರೇಟರ್ ಮೈಸೂರಿನವರೇ ಅಲ್ಲ, ಕುಶಾಲನಗರದ ಕಡೆಯವರು. ಅವರ ಅಜ್ಜನ ಕಾಲಕ್ಕೆ ಹಾಸನದಿಂದ ಬಂದು ಅಲ್ಲಿ ಗದ್ದೆ ಮಾಡಿಕೊಂಡಿದ್ದ ಮನೆತನ. ಆದರೂ ನಮ್ಮ ಊರಿಗೆ ಅವರು ಮೈಸೂರಿನವರು, ಸರ್ಕಾರದವರು. ಈ ಪೆದ್ದುತನವೇ ಮುಂದೆ ನಮ್ಮ ಮನೆಗೆ ಮುಳುವಾಯಿತು.

ಕೊಡಗಿನ ಪಡುವಣ ಮೂಲೆಯಲ್ಲಿ, ಅರೆಭಾಷೆ ಆಡುವ ನಮ್ಮ ಊರಿನ ಶಾಲೆಗೆ ನಾನಾಗ ಹೊಸ ಟೀಚರ್. ಮಳೆ ಬಿಟ್ಟು ರಸ್ತೆ ಒಣಗಿದ ಮೇಲೆ ವ್ಯಾನು ಬರುತ್ತಿತ್ತು. ಶಾಲೆಯ ಬಯಲಲ್ಲಿ ಪರದೆ ಕಟ್ಟಿ, ಜನರೇಟರನ್ನು ಅದರ ಗದ್ದಲ ಕೇಳದಷ್ಟು ದೂರದಲ್ಲಿ ಹಲಸಿನ ಮರದ ಹಿಂದೆ ಇಟ್ಟು, ಆಪರೇಟರ್ ವೈರುಗಳನ್ನು ಬಿಡಿಸಿಕೊಂಡು ಕೂರುತ್ತಿದ್ದರು. ಪ್ರತಿ ವೈರಿನ ತುದಿಯನ್ನೂ ಮೂಗಿಗೆ ಹಿಡಿದು ಮೂಸಬೇಕು. "ತಂತಿಗೆ ಬಾಯಿಲ್ಲ, ಸುಟ್ಟಿದ್ರೆ ವಾಸನೇಲೇ ಹೇಳ್ಬೇಕು ಅದು." ಆಮೇಲೆ ಜೋಡಣೆ. ಅದಕ್ಕೊಂದು ಕ್ರಮ ಉಂಟು, ತಪ್ಪುವ ಹಾಗಿಲ್ಲ. ಮೊದಲು ಮರಕ್ಕೆ ಕಟ್ಟಿದ ಕಹಳೆಯಂಥ ಸ್ಪೀಕರಿನ ವೈರು ಆಂಪ್ಲಿಫೈಯರ್ ಪೆಟ್ಟಿಗೆಗೆ. ನಂತರ ಆ ಪೆಟ್ಟಿಗೆಗೆ ಪ್ರೊಜೆಕ್ಟರಿನ ಸೌಂಡಿನ ವೈರು, ಅದರ ಪಕ್ಕದ ತೂತಿಗೆ ಮೈಕಿನದು. ಕೊನೆಗೆ ಕರೆಂಟು, ಮಿಷನ್ನು ತಂಪಾಗಿಡುವ ಫ್ಯಾನು, ಎಲ್ಲಕ್ಕಿಂತ ಕೊನೆಗೆ ದೀಪ. "ಮೊದ್ಲು ಕಿವಿ, ಆಮೇಲೆ ಕಣ್ಣು. ಸ್ಪೀಕರ್ ಇಲ್ದೆ ಪೆಟ್ಟಿಗೆಗೆ ಕರೆಂಟ್ ಕೊಟ್ರೆ ಅದು ಒಳಗೇ ಕುದ್ದು ಸಾಯುತ್ತೆ. ಮನುಷ್ಯರೂ ಹಂಗೇ ಅಲ್ವಾ ಟೀಚರಮ್ಮ? ಕೇಳೋರಿಲ್ದೇ ಇದ್ರೆ?" ಎನ್ನುವರು. ಮಂಜು ಹನಿಯಲು ಶುರುವಾದರೆ ತಾವು ಹೊದ್ದ ಕಂಬಳಿಯನ್ನು ತೆಗೆದು ಮಿಷನ್ನಿಗೆ ಹೊದಿಸಿ, ತಾವು ಕೈ ಕಟ್ಟಿ ನಡುಗುತ್ತಾ ನಿಲ್ಲುವರು. "ಮಿಷನ್ನಿಗೆ ಶೀತ ಆದ್ರೆ ಕಷಾಯ ಕುಡಿಸೋಕಾಗುತ್ತಾ?"

ಫಿಲಂಗಳೆಲ್ಲ ಇಂಗ್ಲಿಷ್ ಇಲ್ಲವೇ ಹಿಂದಿ. ಬತ್ತದ ರೋಗ, ಅಣೆಕಟ್ಟು, ಮಂತ್ರಿಗಳ ಹಾರ. ಯಾರಿಗೆ ಬೇಕು? ಅದಕ್ಕೆ ಆಪರೇಟರ್ ಫಿಲಂನ ಸದ್ದನ್ನು ತಗ್ಗಿಸಿ ಮೈಕನ್ನು ನನ್ನ ಕೈಗೆ ಕೊಡುತ್ತಿದ್ದರು. ನಾನು ನೋಡಿದ್ದನ್ನು ನೋಡಿದ ಹಾಗೆ ಕನ್ನಡದಲ್ಲಿ ಹೇಳುತ್ತಿದ್ದೆ, ಹೊಳೆಯದಿದ್ದರೆ ಸ್ವಂತದ್ದು ಸೇರಿಸುತ್ತಿದ್ದೆ. ಪಾಲಿಬೆಟ್ಟದ ಎಸ್ಟೇಟುಗಳ ಕೂಲಿ ಲೈನುಗಳಿಗೆ ಹೋದಾಗ ಅವರೇ ಮೈಕು ಹಿಡಿದು ಮಲಯಾಳ, ತಮಿಳು, ತುಳು ಎಲ್ಲವನ್ನೂ ಒಂದೇ ಚಟ್ಟಿಗೆ ಹಾಕಿ ಬೇಯಿಸುತ್ತಿದ್ದರಂತೆ. ಹೋದ ಹೋದ ಊರಿನ ಮಾತು ಹೆಕ್ಕುವುದು ಅವರ ಹುಚ್ಚು. ನಮ್ಮ ಊರಲ್ಲಿ ಅವರು ಹೆಕ್ಕಿದ ಮೊದಲ ಮಾತು 'ಉಟ್ಟು'. ಅರೆಭಾಷೆಯಲ್ಲಿ ಉಂಟು ಎನ್ನುವುದಕ್ಕೆ ಉಟ್ಟು ಎನ್ನುತ್ತೇವೆ. "ನಮ್ ಕಡೆ ಸೀರೆ ಉಟ್ಟು ಬರ್ತಾರೆ, ನಿಮ್ ಕಡೆ ಅನ್ನಾನೂ ಉಟ್ಟು, ಸಾರೂ ಉಟ್ಟು!" ಎಂದು ಹೊಟ್ಟೆ ಹಿಡಿದು ನಕ್ಕಿದ್ದರು. ಆಮೇಲೆ ಬಾಯಿ ತೆರೆದರೆ ಅದೇ. ಕಾಫಿ ಉಟ್ಟಾ? ಬಿಸಿಲು ಉಟ್ಟಾ?

ಒಮ್ಮೆ ಹುಲಿ ತೆರೆಯ ಮೇಲೆ ಬಂದಾಗ ಮಕ್ಕಳು "ನಿಲ್ಸಿ, ನಿಲ್ಸಿ, ಸರಿ ನೋಡುವ" ಎಂದು ಕೂಗಿದವು. ಅವರು ನಿಲ್ಲಿಸಲಿಲ್ಲ. ಮಾರನೆಯ ಬೆಳಿಗ್ಗೆ ಜೇಬಿನಿಂದ ಒಂದು ತುಂಡು ಫಿಲಂ ತೆಗೆದು ತೋರಿಸಿದರು, ನಡುವೆ ಕಂದು ಅಂಚಿನ ತೂತು. "ನೋಡ್ರೋ, ದೀಪದ ಮುಂದೆ ಚಿತ್ರ ಓಡ್ತಾನೇ ಇರ್ಬೇಕು. ನಿಂತ್ರೆ ಆ ಶಾಖಕ್ಕೆ ಸುಟ್ಟುಹೋಗುತ್ತೆ. ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಂದ್ಸಲ ಮಾಡಿದ್ದೆ, ಇನ್ನು ಜನ್ಮದಲ್ಲಿ ಮಾಡಲ್ಲ." ಆ ತುಂಡನ್ನು ಯಾವಾಗಲೂ ಜೊತೆಯಲ್ಲೇ ಇಟ್ಟುಕೊಂಡಿರುತ್ತಿದ್ದರು.

ಚೀನಾ ಯುದ್ಧದಲ್ಲಿ ನನ್ನ ಅಣ್ಣ ಕಾಣೆಯಾದ. ಸತ್ತ ಎಂದು ತಂತಿ ಬರಲಿಲ್ಲ, ಪತ್ತೆಯಿಲ್ಲ ಎಂದು ಬಂತು. ಮದುವೆಯಾಗಿ ಒಂದು ಹುತ್ತರಿ ಹಬ್ಬವನ್ನಷ್ಟೇ ಮನೆಯಲ್ಲಿ ಕಳೆದು ಹೋದವನು. ಅತ್ತಿಗೆ ನನಗಿಂತ ಚಿಕ್ಕವಳು. ಅವ್ವ ಪ್ರತಿದಿನ ಅಣ್ಣನ ತಟ್ಟೆಯನ್ನು ತೊಳೆದು ಕವುಚಿಡುತ್ತಿದ್ದಳು. ಅಪ್ಪ ಮೊದಲೇ ತೀರಿಕೊಂಡಿದ್ದರಿಂದ ಮನೆಯಲ್ಲಿ ನಾವು ಮೂರು ಹೆಣ್ಣುಗಳು. ಯಾರೂ ಸಾವು ಎಂಬ ಮಾತು ಎತ್ತುತ್ತಿರಲಿಲ್ಲ.

ಮುಂದಿನ ವರ್ಷ ವ್ಯಾನು ಬಂದಾಗ ಅದರಲ್ಲೊಂದು ಸೈನಿಕರ ಚಿತ್ರವಿತ್ತು. ಹಿಮದಲ್ಲಿ ಸಾಲಾಗಿ ನಡೆಯುವ ಜವಾನರು. ಒಬ್ಬ ಕ್ಯಾಮೆರಾದ ಕಡೆ ತಿರುಗಿ, ಅರೆಕ್ಷಣ ನಕ್ಕು, ಮುಂದೆ ಹೋಗುತ್ತಾನೆ. ನಾನು ಮೈಕಿನಲ್ಲಿ ಏನೋ ಹೇಳುತ್ತಿದ್ದೆ. ಮುಂದೆ ಚಾಪೆಯಲ್ಲಿ ಕೂತಿದ್ದ ಅವ್ವ ಎದ್ದು ನಿಂತು "ನನ್ನ ಮಗ!" ಎಂದು ಕಿರುಚಿದಳು. ಇಡೀ ಬಯಲು ಎದ್ದಿತು. ಆಪರೇಟರ್ ಫಿಲಂ ಹಿಂದಕ್ಕೆ ಸುತ್ತಿ ಮತ್ತೆ ಹಾಕಿದರು. ಮತ್ತೊಮ್ಮೆ ಹಾಕಿದರು. ನನಗಂತೂ ಹೌದೋ ಅಲ್ಲವೋ ಗೊತ್ತಾಗಲಿಲ್ಲ. ರೆಪ್ಪೆ ಬಡಿಯುವುದರೊಳಗೆ ಮುಖ ಹೋಗಿಬಿಡುತ್ತಿತ್ತು. ಅಷ್ಟರಲ್ಲಿ ಅವ್ವ ಜನರನ್ನು ದಾಟಿಕೊಂಡು ಮಿಷನ್ನಿನ ಹತ್ತಿರ ಬಂದು, ಅವರ ತೋಳು ಹಿಡಿದು ಕೇಳಿದಳು: "ಉಟ್ಟಾ? ಇನ್ನೂ ಉಟ್ಟಾ?"

ಮಗ ಇನ್ನೂ ಇದ್ದಾನಾ, ಬದುಕಿದ್ದಾನಾ ಎಂದು ಅವಳು ಕೇಳಿದ್ದು. ಫಿಲಂ ಇನ್ನೂ ಉಂಟಾ ಎಂದು ಕೇಳಿದಳೆಂದುಕೊಂಡರು ಆ ಪುಣ್ಯಾತ್ಮ. ತಮಗೆ ಬರುವ ನಮ್ಮ ಮಾತಿನಲ್ಲೇ, ಖುಷಿಯಿಂದ, "ಉಟ್ಟು ಅಮ್ಮಾ, ಉಟ್ಟು!" ಎಂದರು. ನನ್ನ ಕೈಯಲ್ಲಿದ್ದ ಮೈಕು ಅವರ ಬಾಯಿಯ ಹತ್ತಿರವೇ ಇತ್ತು. ಆ ಮಾತು ಹಲಸಿನ ಮರದ ಕಹಳೆಯಿಂದ ಹೊರಟು ಗದ್ದೆ ದಾಟಿ ಎದುರಿನ ಗುಡ್ಡಕ್ಕೆ ಹೋಗಿ ವಾಪಸು ಬಂತು. ಉಟ್ಟು, ಉಟ್ಟು.

ಅಷ್ಟೇ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ನಾನು ಅವತ್ತೇ ಅವ್ವನಿಗೆ ಬಿಡಿಸಿ ಹೇಳಿದೆ. ಕೇಳಬೇಕಲ್ಲ! "ನೀ ಸುಮ್ನಿರ್. ಅವ ಉಟ್ಟೂತ ಸರ್ಕಾರದವೇ ಮೈಕಲಿ ಹೇಳ್ದೊ. ಊರಿಗೆಲ್ಲ ಕೇಳಿತ್, ನಿಂಗೆ ಮಾತ್ರ ಕೇಳ್ಲೆನಾ?" ಊರೂ ಹಾಗೇ ಆಡಿತು. ಮೈಕಿನಲ್ಲಿ ಸರ್ಕಾರ ಸುಳ್ಳು ಹೇಳುತ್ತದೆಯೇ? ಅವ್ವ ಕವುಚಿಟ್ಟ ತಟ್ಟೆಯನ್ನು ಅಂಗಾತ ಮಾಡಿ ಅದಕ್ಕೆ ಅನ್ನ ಬಡಿಸಿಡಲು ಶುರುಮಾಡಿದಳು. ರಾತ್ರಿ ಅದನ್ನು ನಾಯಿಗೆ ಹಾಕುವುದು ಅತ್ತಿಗೆಯ ಪಾಲಿನ ಕೆಲಸವಾಯಿತು.

ಅತ್ತಿಗೆಗೆ ಪಾಲಿಬೆಟ್ಟದ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಒಬ್ಬ ಹುಡುಗನ ಕಡೆಯಿಂದ ಮಾತು ಬಂದಿತ್ತು. ದೂರದ ನೆಂಟ, ಸಾಧು. ನಮ್ಮಲ್ಲಿ ಗಂಡ ಸತ್ತವಳಿಗೆ ಇನ್ನೊಂದು ಮದುವೆ ಮಾಡುವುದು ಹೊಸದೇನಲ್ಲ. ಆದರೆ ಗಂಡ ಸತ್ತಿರಬೇಕಲ್ಲ! ಸಾವಿನ ಕರ್ಮ ಮಾಡದೆ ಹಿರಿಯರು ಹೂಂ ಎನ್ನರು, ಅವ್ವ ಉಟ್ಟು ಎನ್ನುತ್ತಿರುವವರೆಗೆ ಕರ್ಮ ಮಾಡುವಂತಿಲ್ಲ. ಅತ್ತಿಗೆ ಅಡಕತ್ತರಿಯಲ್ಲಿ ಸಿಕ್ಕ ಅಡಕೆ. ಎರಡು ವರ್ಷ ಕಾದ ಹುಡುಗನ ಮನೆಯವರು ಕೊನೆಗೆ, "ಈ ಹುತ್ತರಿ ಕಳೆದ ಮೇಲೆ ಬೇರೆ ಕಡೆ ನೋಡುತ್ತೇವೆ" ಎಂದು ಹೇಳಿ ಕಳಿಸಿದರು. ಅತ್ತಿಗೆ ಬಾವಿಕಟ್ಟೆಯಲ್ಲಿ ಕೊಡ ಇಟ್ಟುಕೊಂಡು ನೀರು ಸೇದದೆ ಸುಮ್ಮನೆ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ.

ಆ ವಾರ ವ್ಯಾನು ಪಕ್ಕದ ಊರಿಗೆ ಬಂದಿತ್ತು. ನಡೆದುಕೊಂಡೇ ಹೋದೆ. ನನ್ನ ಬಾಯಿ ಮೊದಲಿನಿಂದಲೂ ಒಳ್ಳೆಯದಲ್ಲ, ಅವತ್ತು ಇನ್ನೂ ಕೆಟ್ಟದಾಯಿತು. "ಆಪರೇಟ್ರೇ, ಬಾರದ ಭಾಷೆ ನಿಮಗೆ ಯಾಕೆ ಬೇಕಾಗಿತ್ತು? ನಿಮ್ಮ ಒಂದು ಮಾತಿಗೆ ನಮ್ಮ ಮನೆಯಲ್ಲಿ ಒಂದು ಹೆಣ್ಣು ಬದುಕಿದ್ದೂ ಸತ್ತಿದ್ದಾಳೆ" ಎಂದು ಎಲ್ಲವನ್ನೂ ಹೇಳಿದೆ. ಅವರು ಕೇಳುತ್ತಾ ಕೇಳುತ್ತಾ ಕೈಯಲ್ಲಿದ್ದ ವೈರನ್ನು ಸುತ್ತುವುದು ನಿಲ್ಲಿಸಿದರು. ಅವರಿಗೆ ಗೊತ್ತೇ ಇರಲಿಲ್ಲ. ಉಟ್ಟು ಎಂದಿದ್ದಕ್ಕೆ ಅವ್ವ ಕೈಮುಗಿದದ್ದನ್ನು ಅವರು ಸಿನಿಮಾ ತೋರಿಸಿದ ಉಪಕಾರಕ್ಕೆಂದು ತಿಳಿದಿದ್ದರಂತೆ.

"ಅಯ್ಯೋ ಶಿವನೇ," ಎಂದರು. ವೈರನ್ನು ಕೆಳಗಿಟ್ಟು, "ನಾನೇನ್ ಮಾಡ್ಲಿ ಟೀಚರಮ್ಮ, ಹೇಳಿ" ಎಂದರು.

"ಏನಾದರೂ ಮಾಡಿ. ನೀವೇ ಕಟ್ಟಿದ ಗಂಟು, ನೀವೇ ಬಿಚ್ಚಿ" ಎಂದೆ.

ಎಷ್ಟು ಸುಲಭವಾಗಿ ಅಂದುಬಿಟ್ಟೆ! ಮೈಕು ಹಿಡಿದಿದ್ದ ಕೈ ನನ್ನದು, ಅದು ಅವತ್ತು ನೆನಪಾಗಲಿಲ್ಲ.

ಹುತ್ತರಿಗೆ ಮೊದಲೇ ಅವರು ಆ ಸೈನಿಕರ ಫಿಲಂ ತರಿಸಿಕೊಂಡು ನಮ್ಮ ಮನೆಗೆ ಬಂದರು. ಶಾಲೆಗಲ್ಲ, ನಮ್ಮ ಮನೆಗೇ. ಕಾಫಿ ಒಣಗಿಸುವ ಕಣದಲ್ಲಿ ಮಿಷನ್ ಇಟ್ಟರು, ಸುಣ್ಣ ಬಳಿದ ಕೊಟ್ಟಿಗೆಯ ಗೋಡೆಯೇ ಪರದೆ. ಅಕ್ಕಪಕ್ಕದ ನಾಲ್ಕು ಜನ ಹಿರಿಯರನ್ನು ನಾನೇ ಕರೆದಿದ್ದೆ. ಆಪರೇಟರ್ ಪ್ರತಿ ವೈರನ್ನೂ ಮೂಸಿ, ಮೊದಲು ಸ್ಪೀಕರ್, ಆಮೇಲೆ ಉಳಿದದ್ದು, ಎಲ್ಲ ಕ್ರಮದಲ್ಲೇ ಜೋಡಿಸಿದರು. ಅವತ್ತು ಒಂದು ತಮಾಷೆಯ ಮಾತೂ ಇಲ್ಲ. ಕತ್ತಲಾಗುತ್ತಿದ್ದಂತೆ ಅವ್ವನನ್ನು ಮಣೆ ಹಾಕಿ ಕೂರಿಸಿ ಮೈಕನ್ನು ಅವಳ ಕೈಗೆ ಕೊಟ್ಟರು.

"ಅಮ್ಮಾ, ಫಿಲಂ ಸದ್ದು ತೆಗ್ದಿದೀನಿ. ನಿಮ್ ಮಗನ್ ಹತ್ರ ಏನ್ ಮಾತಾಡ್ಬೇಕೋ ಮಾತಾಡಿ."

ಗೋಡೆಯ ಮೇಲೆ ಹಿಮ ಬಂತು. ಜವಾನರು ಬಂದರು. ಅವ್ವ ಮೈಕನ್ನು ಎರಡೂ ಕೈಯಲ್ಲಿ ಹಿಡಿದು, "ಮಗಾ, ಉಂಡಿಯಾ?" ಎಂದಳು. ಕಹಳೆ ಅದನ್ನೇ ದೊಡ್ಡದಾಗಿ ಹೇಳಿತು. ತನ್ನದೇ ದನಿಗೆ ಬೆಚ್ಚಿ, ಆಮೇಲೆ ಸುಧಾರಿಸಿಕೊಂಡು, "ಅಲ್ಲಿ ಚಳಿ ಉಟ್ಟಾ? ಸ್ವೆಟರ್ ಹಾಕ್" ಎಂದಳು. ಅವನು ತಿರುಗಿದ, ನಕ್ಕ, ಹೋದ. ಆಪರೇಟರ್ ಹಿಂದಕ್ಕೆ ಸುತ್ತಿ ಮತ್ತೆ ಹಾಕಿದರು. "ನಿನ್ನ ಹೆಣ್ಣ್ ನೀರ್ ಕೂಡ ಸರಿ ಕುಡಿಯುದ್ಲೆ ಮಗಾ" ಎಂದಳು. ಅತ್ತಿಗೆ ಕಂಬದ ಹಿಂದೆ ಬಾಯಿಗೆ ಸೆರಗು ಒತ್ತಿಕೊಂಡಳು. ಮೂರನೆಯ ಸಲ ಮುಖ ತಿರುಗುತ್ತಿದ್ದಂತೆ ಅವ್ವ ಬೇಡಿಕೊಂಡಳು. "ಚೂರ್ ನಿಲ್ಲ್ ಮಗಾ. ಓಡ್ಬೇಡ. ನಿನ್ನ ಮೋರೆ ಸರಿ ನೋಡೊಕು."

ನಾನು ಆಪರೇಟರ್ ಕಡೆ ನೋಡಿದೆ. ಅವರೂ ನನ್ನ ಕಡೆ ನೋಡಿದರು. ಆಮೇಲೆ ಅವರ ಹೆಬ್ಬೆರಳು ಫಿಲಂ ನಿಲ್ಲಿಸುವ ಕೀಲಿಯನ್ನು ಒತ್ತಿತು.

ಕಟಕಟ ಸದ್ದು ನಿಂತಿತು. ಗೋಡೆಯ ಮೇಲೆ ಮುಖವೂ ನಿಂತಿತು. ಆಗ ಸರಿಯಾಗಿ ಕಂಡೆವು. ಅಣ್ಣನ ಹುಬ್ಬಿನ ಮೇಲೆ ಚಿಕ್ಕಂದಿನಲ್ಲಿ ಮರದಿಂದ ಬಿದ್ದ ಗಾಯದ ಗುರುತಿತ್ತು. ಈ ಹುಡುಗನ ಹುಬ್ಬು ನಯವಾಗಿತ್ತು. ಯಾರದೋ ಮಗ, ನಗುತ್ತಿದ್ದ. ಅಷ್ಟರಲ್ಲಿ ಅವನ ಕೆನ್ನೆಯ ಮೇಲೆ ಒಂದು ಕಂದು ಚುಕ್ಕೆ ಎದ್ದಿತು. ಅದು ಗುಳ್ಳೆಯಾಗಿ, ಹರಡಿ, ಮೂಗು ತಿಂದು, ಕಣ್ಣು ತಿಂದು, ಕೊನೆಗೆ ಗೋಡೆಯ ಮೇಲೆ ಬರೀ ಬಿಳಿ ಬೆಳಕು ಉಳಿಯಿತು. ಸುಟ್ಟ ವಾಸನೆ ಕಣದ ತುಂಬಾ ಹರಡಿತು. ಆಪರೇಟರ್ ದೀಪ ಆರಿಸಿದರು.

ಮೈಕು ಇನ್ನೂ ಅವ್ವನ ಕೈಯಲ್ಲಿತ್ತು. "ಆತ್," ಎಂದಳು. "ಸುಟ್ಟಾತ್." ಅಷ್ಟು ಮೆಲ್ಲಗೆ ಹೇಳಿದ್ದೂ ಕಹಳೆಯಿಂದ ಊರಿಗೆಲ್ಲ ಕೇಳಿತು. ಮೈಕನ್ನು ಮಣೆಯ ಮೇಲಿಟ್ಟು ನೆಟ್ಟಗೆ ಬಾವಿಗೆ ಹೋದಳು. ಉಟ್ಟ ಸೀರೆಯಲ್ಲೇ ತಲೆಯ ಮೇಲೆ ಕೊಡ ಕೊಡ ತಣ್ಣೀರು ಸುರಿದುಕೊಂಡಳು. ಹೆಣ ಸುಟ್ಟು ಬಂದವರು ಹಾಗೆ ಮೀಯುತ್ತಾರೆ. ನೋಡಿದ ಹಿರಿಯರು ಒಬ್ಬೊಬ್ಬರಾಗಿ ಎದ್ದು ತಾವೂ ಬಾವಿಗೆ ಹೋದರು. ಅತ್ತಿಗೆ ಆಗ ಗಟ್ಟಿಯಾಗಿ ಅತ್ತಳು, ತಂತಿ ಬಂದ ದಿನ ಅಳದಿದ್ದದ್ದನ್ನೂ ಸೇರಿಸಿ.

ಆ ಮುಖ ಅಣ್ಣನದಲ್ಲ ಎಂದು ಅವ್ವನಿಗೆ ಕಂಡಿತೋ ಇಲ್ಲವೋ ನಾನು ಯಾವತ್ತೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಹನ್ನೊಂದನೆಯ ದಿನ ಕರ್ಮವಾಯಿತು. ತಟ್ಟೆಯನ್ನು ಅವಳೇ ಒಳಗಿಟ್ಟಳು. ಹುತ್ತರಿ ಕಳೆದು ಅತ್ತಿಗೆಯನ್ನು ಪಾಲಿಬೆಟ್ಟಕ್ಕೆ ಧಾರೆ ಎರೆದು ಕೊಟ್ಟೆವು.

ಫಿಲಂ ಸುಟ್ಟ ಆ ರಾತ್ರಿ ವೈರು ಸುತ್ತುತ್ತಿದ್ದ ಆಪರೇಟರ್ ಹತ್ತಿರ ಹೋಗಿ ನಿಂತಿದ್ದೆ. "ಕೈ ಜಾರ್ತು ಟೀಚರಮ್ಮ," ಎಂದರು ಅವರು, ನನ್ನ ಮುಖ ನೋಡದೆ. ಆಫೀಸಿನಲ್ಲೂ ಅದನ್ನೇ ಹೇಳಿದರಂತೆ. ಅವರ ಕೈ ಜಾರುವ ಕೈಯಲ್ಲ, ಅದು ನನಗೂ ಗೊತ್ತು, ಅವರಿಗೂ ಗೊತ್ತು. ಸರ್ಕಾರದ ಫಿಲಂ ಸುಟ್ಟವರೆಂದು, ಅದೂ ಅಪ್ಪಣೆಯಿಲ್ಲದೆ ಖಾಸಗಿ ಮನೆಯಲ್ಲಿ ಯಂತ್ರ ನಡೆಸಿದವರೆಂದು ಅವರನ್ನು ವ್ಯಾನಿನಿಂದ ಇಳಿಸಿ ಮೈಸೂರಿನ ಗೋದಾಮಿಗೆ ಹಾಕಿದರು. ಅಲ್ಲಿ ಡಬ್ಬಿಗಳ ಧೂಳು ಒರೆಸುವ ಕೆಲಸ. ಊರೂರು ತಿರುಗಿ ಮಾತು ಹೆಕ್ಕುತ್ತಿದ್ದ ಮನುಷ್ಯ! ಮುಂದಿನ ವರ್ಷ ವ್ಯಾನಿನಲ್ಲಿ ಬಂದ ಹೊಸಬ ವೈರು ಮೂಸಲಿಲ್ಲ. ನಾನು ಮೈಕು ಹಿಡಿಯಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಅವರು ನಿವೃತ್ತರಾಗಿ ಊರಲ್ಲಿದ್ದಾರೆಂದು ತಿಳಿದು ಕುಶಾಲನಗರದ ಕಡೆಗೆ ಹೋದೆ. ಮನೆ ಹುಡುಕಿದೆ. ಜಗಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ನನ್ನನ್ನು ಕಂಡು, ಗುರುತು ಹಿಡಿದು, ಮೊದಲು ಕೇಳಿದ್ದು, "ಅಮ್ಮ... ಉಟ್ಟಾ?"

"ಇಲ್ಲ. ಹೋದ ವರ್ಷ ತೀರಿಕೊಂಡಳು" ಎಂದೆ.

ತಲೆಯಾಡಿಸಿದರು. ಅವರ ಹೆಂಡತಿ ಕಾಫಿ ತಂದಿಟ್ಟು, "ಆವತ್ತಿಂದ ಇವ್ರು ಮಿಷನ್ ಮುಟ್ಟಲಿಲ್ಲ ಕಣವ್ವ. ಮನೇಲಿ ರೇಡಿಯೋ ಕೆಟ್ರೂ ಬಿಚ್ಚಲ್ಲ" ಎಂದರು. ಆಕೆ ಒಳಗೆ ಹೋದ ಮೇಲೆ ಅವರು ಆ ನುಣುಪು ಬೆರಳನ್ನು ಇನ್ನೊಂದು ಕೈಯಿಂದ ಉಜ್ಜುತ್ತಾ ಹೇಳಿದರು: "ಹೆತ್ತವ್ಳಿಗೆ ಮಗ ಉಟ್ಟು ಅಂದೆ. ಆಮೇಲೆ ಅವ್ಳ ಕಣ್ಣೆದುರಿಗೇ ನಾನೇ ಸುಟ್ಟೆ. ಎರಡ್ರಲ್ಲಿ ಯಾವ್ದಕ್ಕೆ ಟೀಚರಮ್ಮ, ನಾನು ದೇವ್ರಿಗೆ ತಪ್ಪುಕಾಣಿಕೆ ಹಾಕ್ಲಿ?"

ತಪ್ಪುಕಾಣಿಕೆ ಹಾಕಬೇಕಾದವಳು ನಾನು ಎನ್ನಬೇಕಿತ್ತು. ಅತ್ತಿಗೆ ಸುಖವಾಗಿದ್ದಾಳೆ, ಅವಳಿಗೊಬ್ಬಳು ಮಗಳಿದ್ದಾಳೆ, ನನ್ನನ್ನು ಅತ್ತೆ ಎನ್ನುತ್ತಾಳೆ, ಶಾಲೆಯಲ್ಲಿ ಎಲ್ಲರಿಗಿಂತ ಜೋರು ಎನ್ನಬೇಕಿತ್ತು. ಅದನ್ನು ಹೇಳಲೆಂದೇ ಬಸ್ಸು ಹತ್ತಿದ್ದೆ. ಇಷ್ಟು ಬಾಯಿಯವಳು ನಾನು, ಕಾಫಿ ಕುಡಿದು, ಇನ್ನೊಮ್ಮೆ ಬರುತ್ತೇನೆ ಎಂದು ಎದ್ದು ಬಂದೆ. ಇನ್ನೊಮ್ಮೆ ಹೋಗುವಷ್ಟರಲ್ಲಿ ಮಳೆಗಾಲ ಬಂತು. ಆ ಮಳೆಗಾಲದಲ್ಲೇ ಅವರು ತೀರಿಕೊಂಡರು.

ಅತ್ತಿಗೆಯ ಮಗಳು ಈಗ ನಮ್ಮೂರಿನ ಅದೇ ಶಾಲೆಗೆ ಹೆಡ್‌ಮಿಸ್ಸು. ರಕ್ತ ನೋಡಿದರೆ ನಾನು ಅವಳಿಗೆ ಏನೂ ಅಲ್ಲ, ಆದರೂ ಅತ್ತೆಯೇ. ಮೊನ್ನೆ ಶಾಲೆಯ ದಿನಾಚರಣೆಗೆ ಕರೆದು ಮುಂದಿನ ಕುರ್ಚಿಯಲ್ಲಿ ಕೂರಿಸಿದಳು. ಬೆಂಚಿನ ಮೇಲೆ ಸಣ್ಣ ಪ್ರೊಜೆಕ್ಟರ್, ಪಕ್ಕದಲ್ಲಿ ಲ್ಯಾಪ್‌ಟಾಪು, ನಡುವೆ ಒಂದೇ ಕಪ್ಪು ಕೇಬಲು. ಗೋಡೆಯ ಮೇಲೆ ನೀಲಿ ಬಣ್ಣ ಬಿಟ್ಟು ಏನೂ ಬರಲಿಲ್ಲ. ಕೇಬಲು ಕಿತ್ತಳು, ಚುಚ್ಚಿದಳು, ಯಾವುದೋ ಗುಂಡಿ ಒತ್ತಿದಳು. ಚಿತ್ರ ಬಂತು, ಸದ್ದಿಲ್ಲ. "ಮೊದಲು ಕಿವಿ, ಆಮೇಲೆ ಕಣ್ಣು" ಎಂದೆ ನಾನು. "ಅದ್ ಹಳೇ ಕಾಲ ಅತ್ತೆ" ಎಂದು ನಗುತ್ತಾ ಸ್ಪೀಕರಿನ ವೈರು ಸಿಕ್ಕಿಸಿದಳು.

ಯಾವುದೋ ಮೆರವಣಿಗೆಯ ಚಿತ್ರ, ಜವಾನರ ಸಾಲು. ಮಕ್ಕಳಿಗೆ ಏನೋ ವಿವರಿಸಲು ಅವಳು ಒಂದು ಮುಖದ ಮೇಲೆ ಚಿತ್ರವನ್ನು ನಿಲ್ಲಿಸಿದಳು. ನಾನು ಎದ್ದೇ ನಿಂತೆ. "ನಿಲ್ಸಬೇಡ! ಸುಡ್ತದೆ!"

ಮಕ್ಕಳು ಗೊಳ್ಳೆಂದು ನಕ್ಕರು. ಅವಳು ಬಂದು ನನ್ನ ಹೆಗಲು ಹಿಡಿದು ಕೂರಿಸಿ, "ಇದ್ ಸುಡುದ್ಲೆ ಅತ್ತೆ. ಎಷ್ಟ್ ಹೊತ್ತ್ ಬೇಕಾದ್ರೂ ನಿಲ್ತದೆ" ಎಂದಳು.

ಎಲ್ಲರೂ ಗೋಡೆಯ ಮೇಲಿನ ಮುಖ ನೋಡುತ್ತಿದ್ದರು. ನಾನು ಅವಳ ಮುಖ ನೋಡುತ್ತಿದ್ದೆ. ಆವತ್ತು ಅವರ ಬೆರಳು ಆ ಕೀಲಿ ಒತ್ತದಿದ್ದರೆ ಇವಳು ಹುಟ್ಟುತ್ತಲೇ ಇರಲಿಲ್ಲ. ಅಷ್ಟೇ ಹೇಳಬೇಕಾಗಿತ್ತು ನಾನು, ಆ ಜಗಲಿಯಲ್ಲಿ.